ಕೆನ್ನೆಯೊಳಗಿನ ಬಾಗಿಲು

ಸಮ್ಮೇಳನದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಮಕ್ಕಳಿಗೆ ಕನ್ನಡ ಕಲಿಸುವ ಬಗೆಯನ್ನೋ ತವರೂರಿನ ಮಳೆಗಾಲವನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಅಂತಹ ಲೇಖನಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ನಾನು ಈ ಸಲ ಹಂದಿಯ ಕೆನ್ನೆಯನ್ನು ಕುರಿತು ಬರೆಯಹೊರಟಿದ್ದೇನೆ. ಐಚ್ಛಿಕ ಕನ್ನಡ, ಇತಿಹಾಸ, ಸಮಾಜಶಾಸ್ತ್ರಗಳನ್ನು ಓದಿ ಬಿ.ಎ. ಮಾಡಿದವಳು, ಹಬ್ಬದ ದಿನ ಈರುಳ್ಳಿಯನ್ನೂ ಮುಟ್ಟದ ಮನೆಯಲ್ಲಿ ಹುಟ್ಟಿದವಳು, ಇಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟು ಪ್ಲೆಸೆಂಟನ್ನಿನಲ್ಲಿ ಒಲೆಯ ಮುಂದೆ ನಿಂತವಳು ನಾನು. ಇವಳಿಗೇಕೆ ಈ ವಿಷಯ ಎಂದು ತಾವು ಹುಬ್ಬೇರಿಸಿದರೆ ನನ್ನ ಆಕ್ಷೇಪವಿಲ್ಲ. ಆದರೆ ಕಳೆದ ನಾಲ್ಕೈದು ವರ್ಷಗಳಿಂದ ನಮ್ಮ ಊಟದ ಮೇಜಿನ ಮೇಲೆ ಅನ್ನ ಸಾರುಗಳಷ್ಟೇ ನಿಯಮಿತವಾಗಿ ಬಡಿಸಲ್ಪಡುತ್ತಿರುವ ಮಾತು ಇದೇ.

ನನ್ನ ಮಗಳು ಔಷಧ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಕೊಲ್ಲಿಯ ಆಚೆ ದಡದ ಸಣ್ಣ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆ. ಔಷಧಗಳು ಕೆನ್ನೆಯ ಒಳಪೊರೆಯ ಮೂಲಕ ರಕ್ತವನ್ನು ಸೇರುವುದು ಹೇಗೆ, ಎಷ್ಟು, ಎಷ್ಟು ಹೊತ್ತಿನಲ್ಲಿ ಎಂಬುದನ್ನು ಅಳೆಯುವುದು ಅವಳ ಕಾಯಕ. ಸಾಗರದಿಂದ ನನ್ನ ದೊಡ್ಡಮ್ಮ ಫೋನಿನಲ್ಲಿ "ಕೂಸು ಎಂತ ಕೆಲ್ಸ ಮಾಡ್ತು?" ಎಂದು ಕೇಳಿದಾಗ "ಔಷಧದ ಕೆಲಸ ದೊಡ್ಡಮ್ಮಾ" ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ನಾವು ನುಂಗಿದ ಮಾತ್ರೆ ಜಠರವನ್ನು ದಾಟಿ, ಕರುಳಿನಲ್ಲಿ ಹೀರಲ್ಪಟ್ಟು, ಅಲ್ಲಿಂದ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಅದೊಂದು ಸುಂಕದಕಟ್ಟೆ. ಕೆಲವು ಔಷಧಗಳ ಬಹುಪಾಲು ಅಲ್ಲಿಯೇ ಮುಟ್ಟುಗೋಲಾಗಿ, ದೇಹಕ್ಕೆ ತಲುಪುವುದು ಚೂರುಪಾರು ಮಾತ್ರ. ಬಾಯಿಯ ಒಳಪೊರೆಯ ಮೂಲಕ ಹೊಕ್ಕ ಔಷಧವಾದರೋ ಕುತ್ತಿಗೆಯ ರಕ್ತನಾಳಗಳನ್ನು ಹಿಡಿದು, ಈ ಕಟ್ಟೆಯನ್ನು ಬಳಸಿಕೊಂಡು, ನೇರವಾಗಿ ಹೃದಯದ ಕಡೆಗೆ ಸಾಗುತ್ತದೆ. ನಮ್ಮವರ ಅಂಗಿಯ ಜೇಬಿನಲ್ಲಿ ಸದಾ ಇರುವ ಪುಟ್ಟ ಕಂದು ಬಾಟಲಿಯ ಗುಟ್ಟು ಇದು. ಎದೆ ಹಿಂಡಿದಂತಾದರೆ ನೈಟ್ರೊಗ್ಲಿಸರಿನ್ ಮಾತ್ರೆಯನ್ನು ನಾಲಿಗೆಯ ಕೆಳಗೋ ಕೆನ್ನೆ ಒಸಡುಗಳ ಸಂದಿನಲ್ಲೋ ಇಟ್ಟುಕೊಳ್ಳಬೇಕು, ನುಂಗಬಾರದು. ಇಟಲಿಯ ಸೊಬ್ರೆರೊ 1847ರಲ್ಲಿ ಈ ದ್ರವವನ್ನು ಮೊದಲು ತಯಾರಿಸಿ, ಒಂದಿಷ್ಟು ನಾಲಿಗೆಗೆ ತಾಗಿಸಿಕೊಂಡು, ತಲೆ ಸಿಡಿಯುವ ನೋವನ್ನು ಅನುಭವಿಸಿದನು. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಅದನ್ನೇ ಎದೆನೋವಿಗೆ ಮದ್ದಾಗಿ ಬಳಸಿ 'ಲಾನ್ಸೆಟ್' ಪತ್ರಿಕೆಯಲ್ಲಿ ಬರೆದನು.

ಮಗಳು ಇದನ್ನೆಲ್ಲ ಮೊದಲ ಸಲ ವಿವರಿಸಿದಾಗ ನನಗೆ ನೆನಪಾದವಳು ಅಮ್ಮಮ್ಮ. ನನ್ನ ತಾಯಿಯ ತಾಯಿ ಸಾಗರ ಸೀಮೆಯ ಅಡಿಕೆ ತೋಟದ ಮನೆಯವಳು. ಬೆಳಗಿನ ಕಾಫಿಯಾದೊಡನೆ ಕವಳದ ಬಟ್ಟಲು ಎದುರಿಗೆ ಬರಬೇಕು. ಎಲೆಯ ಬೆನ್ನಿಗೆ ಸುಣ್ಣ ಸವರಿ, ಅಡಿಕೆಯ ಹೋಳನ್ನೂ ಚಿಟಿಕೆ ಹೊಗೆಸೊಪ್ಪನ್ನೂ ಇಟ್ಟು ಮಡಚಿ, ಬಲಗೆನ್ನೆಯ ಸಂದಿಗೆ ಒತ್ತಿಕೊಂಡಳೆಂದರೆ ಗಂಟೆಗಟ್ಟಲೆ ಅಲ್ಲಿಯೇ. ಸುಣ್ಣವೇಕೆ ಎಂದು ನಾನು ಕೇಳಿದ್ದಕ್ಕೆ "ಸುಣ್ಣವಿಲ್ಲದೆ ಕವಳ ಏರುವುದಿಲ್ಲ" ಎಂದಿದ್ದಳು. ಆ ಮಾತಿನ ಶಾಸ್ತ್ರಾರ್ಥವನ್ನು ಮಗಳ ಬಾಯಿಂದ ನಾನು ಅರಿಯಲು ಮೂರೂವರೆ ದಶಕ ಬೇಕಾಯಿತು. ಅಡಿಕೆಯಲ್ಲಿರುವ ಅರೆಕೊಲಿನ್, ಹೊಗೆಸೊಪ್ಪಿನ ನಿಕೋಟಿನ್ ಎರಡೂ ಕ್ಷಾರ ಗುಣದವು. ಬಾಯಿಯ ರಸಕ್ಕೆ ಸುಣ್ಣ ಬೆರೆತು ಅದು ಇನ್ನಷ್ಟು ಕ್ಷಾರವಾದಾಗ ಇವುಗಳ ಅಣುಗಳು ವಿದ್ಯುದಂಶವನ್ನು ಕಳಚಿಕೊಳ್ಳುತ್ತವೆ. ಹಾಗೆ ಹಗುರಾದ ಅಣುಗಳು ಕೆನ್ನೆಯ ಜಿಡ್ಡಿನ ಪದರಗಳನ್ನು ಸುಲಭವಾಗಿ ದಾಟುತ್ತವೆ. 1967ರಲ್ಲಿ ಲಂಡನ್ನಿನ ಬೆಕೆಟ್ ಮತ್ತು ಟ್ರಿಗ್ಸ್ ಎಂಬ ವಿಜ್ಞಾನಿಗಳು ಇದೇ ತತ್ತ್ವವನ್ನು ಮನುಷ್ಯರ ಬಾಯಿಯಲ್ಲಿಯೇ ಅಳೆದರು. ಔಷಧದ ದ್ರಾವಣವನ್ನು ಸ್ವಯಂಸೇವಕರು ಬಾಯಿಯಲ್ಲಿ ಮುಕ್ಕಳಿಸಿ ಉಗುಳಬೇಕು. ಉಗುಳಿದ್ದರಲ್ಲಿ ಎಷ್ಟು ಕಡಿಮೆಯಾಗಿದೆಯೋ ಅಷ್ಟನ್ನು ಬಾಯಿ ಹೀರಿಕೊಂಡಿತೆಂದು ಲೆಕ್ಕ. ನಮ್ಮ ಊರಿನ ಜಗಲಿಗಳಲ್ಲಿ ಶತಮಾನಗಳಿಂದ ನಡೆದ ಪ್ರಯೋಗವೂ ಇದೇ. ಉಗುಳನ್ನು ಅಳೆದವರು ಮಾತ್ರ ಯಾರೂ ಇರಲಿಲ್ಲ.

ಅಮ್ಮಮ್ಮನ ಬಾಯಿ ವರ್ಷದಿಂದ ವರ್ಷಕ್ಕೆ ಬಿಗಿಯುತ್ತ ಬಂತು. ಮೊದಲು ರೊಟ್ಟಿಯ ತುತ್ತು ಹಿಡಿಯದಾಯಿತು, ಬಳಿಕ ಬೆರಳು ಹಿಡಿಯದಾಯಿತು. ಬಲಗೆನ್ನೆಯ ಒಳಗಿನ ಹುಣ್ಣು ಕ್ಯಾನ್ಸರ್ ಎಂದು ತಿಳಿದದ್ದು 1986ರಲ್ಲಿ. ಮರುವರ್ಷ ತೀರಿಕೊಂಡಳು. ಕಡೆಯ ನಾಲ್ಕು ತಿಂಗಳು ಗಂಜಿಯ ತಿಳಿಯನ್ನೂ ನುಂಗಲಾರದವಳಿಗೆ ನೋವಿನ ಮಾತ್ರೆಯನ್ನು ಪುಡಿ ಮಾಡಿ, ನೀರಿನಲ್ಲಿ ಕದಡಿ, ಚಮಚದಿಂದ ಹನಿಸುತ್ತಿದ್ದೆವು. ಅರ್ಧ ಹೊರಗೆ ಸುರಿಯುತ್ತಿತ್ತು. ಮಾರ್ಫಿನ್ ಎಂಬ ಹೆಸರನ್ನು ನಮ್ಮೆದುರು ಯಾರೂ ಎತ್ತಲಿಲ್ಲ. ಮಾದಕ ವಸ್ತುಗಳ ಮೇಲಿನ 1985ರ ಕಾಯಿದೆ ಬಂದ ಮೇಲೆ ಭಾರತದಲ್ಲಿ ಔಷಧವಾಗಿ ಬಳಸುವ ಮಾರ್ಫಿನ್ ಕೂಡ ದುರ್ಲಭವಾಯಿತೆಂದೂ, ಆ ಬಿಗಿಯನ್ನು ಸಡಿಲಿಸುವ ತಿದ್ದುಪಡಿ 2014ರಲ್ಲಿ ಬಂತೆಂದೂ ನಾನು ಓದಿ ತಿಳಿದದ್ದು ಬಹಳ ತಡವಾಗಿ. ಆಗ ನನಗೆ ಹದಿನೇಳು ವರ್ಷ. ಆ ನರಳಿಕೆ ಇಂದಿಗೂ ನನ್ನ ಕಿವಿಯಲ್ಲಿದೆ.

ಇಲ್ಲಿಂದ ಪ್ರಾಣಿಗಳ ವಿಷಯಕ್ಕೆ ಬರುತ್ತೇನೆ. ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪುಟ್ಟ ಪ್ರಾಣಿಯನ್ನು ನಮ್ಮ ಮಕ್ಕಳ ಗೆಳೆಯರ ಮನೆಗಳಲ್ಲಿ ತಾವು ಕಂಡಿರಬಹುದು. ಅದರ ಎರಡೂ ಕೆನ್ನೆಗಳಲ್ಲಿ ಕಾಳು ತುಂಬಿಕೊಳ್ಳಲು ಚೀಲಗಳಿವೆ. ಚೀಲವನ್ನು ಹೊರಕ್ಕೆ ಮಗುಚಿ ನೋಡಬಹುದಾದ್ದರಿಂದ ವಿಜ್ಞಾನಿಗಳಿಗೆ ಅದು ಅಚ್ಚುಮೆಚ್ಚಿನದಾಯಿತು. 1971ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಚಿಕ್ಕ ವರದಿಯನ್ನು ಮಗಳು ನನಗೆ ತೋರಿಸಿದಳು. ಅಡಿಕೆಯ ಸಾರವನ್ನು ಹ್ಯಾಮ್‌ಸ್ಟರಿನ ಕೆನ್ನೆಚೀಲಕ್ಕೆ ಹಚ್ಚುತ್ತ ಹೋದಾಗ ಅಲ್ಲಿ ಗಡ್ಡೆಗಳು ಹುಟ್ಟಿದವೆಂಬುದು ಅದರ ಸಾರಾಂಶ. ಅಮ್ಮಮ್ಮ ತೀರಿಕೊಳ್ಳುವುದಕ್ಕೆ 16 ವರ್ಷ ಮುಂಚೆ! ಅಡಿಕೆಯು ತನ್ನಷ್ಟಕ್ಕೇ, ಹೊಗೆಸೊಪ್ಪಿನ ನೆರವಿಲ್ಲದೆಯೂ, ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿತು. ಮಲೆನಾಡು, ಕರಾವಳಿಗಳಿಂದ ಬಂದ ಅನೇಕರು ಈ ಸಂಚಿಕೆಯನ್ನು ಓದುತ್ತಿದ್ದೀರಿ. ಈ ಮಾತು ಕಹಿಯೆನಿಸೀತು. ನನ್ನ ಕಾಲೇಜಿನ ಶುಲ್ಕವನ್ನು ಕಟ್ಟಿದ್ದೂ ಅಡಿಕೆಯ ಹಣವೇ. ಆ ಋಣವನ್ನು ಅಲ್ಲಗಳೆಯಲಾರೆ. ಆ ಬಲಗೆನ್ನೆಯನ್ನೂ ಮರೆಯಲಾರೆ.

ಕ್ಯಾನ್ಸರಿನ ವಿಷಯದಲ್ಲಿ ಇಷ್ಟು ಸಾಕ್ಷ್ಯ ನುಡಿದ ಹ್ಯಾಮ್‌ಸ್ಟರು ಔಷಧ ಹೀರುವಿಕೆಯ ವಿಷಯದಲ್ಲಿ ಮಾತ್ರ ನಂಬಲರ್ಹವಾದ ಸಾಕ್ಷಿಯಲ್ಲ. ಇದು ನನಗೆ ಬಹಳ ಸ್ವಾರಸ್ಯವೆನಿಸಿತು. ಇಲಿ, ಹೆಗ್ಗಣ, ಹ್ಯಾಮ್‌ಸ್ಟರುಗಳ ಕೆನ್ನೆಯ ಒಳಮೈಗೆ ಕೆರಟಿನ್ ಎಂಬ ಗಡಸು ಹೊದಿಕೆಯಿದೆ. ನಮ್ಮ ಉಗುರು, ಕೂದಲುಗಳಲ್ಲಿರುವುದು ಇದೇ ವಸ್ತು. ನಮ್ಮ ಕೆನ್ನೆಯ ಒಳಮೈಗೆ ಅದಿಲ್ಲ. ಮೆತ್ತಗೆ, ಒದ್ದೆಯಾಗಿ, 40–50 ಕೋಶಗಳ ಪದರವಾಗಿ, ಹೆಚ್ಚೆಂದರೆ ಮುಕ್ಕಾಲು ಮಿಲಿಮೀಟರಿನಷ್ಟು ದಪ್ಪವಾಗಿದೆ. ಆದ್ದರಿಂದ ಹೆಗ್ಗಣದ ಕೆನ್ನೆ ದಾಟದ ಔಷಧ ನಮ್ಮ ಕೆನ್ನೆಯನ್ನು ದಾಟೀತು. ಅಗ್ಗವಾಗಿ, ಪಂಜರದಲ್ಲಿ ಕೈಗೆಟುಕುವಂತೆ ಸಿಗುತ್ತವೆಂಬ ಒಂದೇ ಕಾರಣಕ್ಕೆ ಅವುಗಳನ್ನು ಹಿಡಿದು ಅಳೆದ ಲೆಕ್ಕಗಳಿಗೆ ಅರ್ಥವೇನು ಎಂದು ಮಗಳು ಕೇಳುತ್ತಾಳೆ. ಮೊಲದ ಕೆನ್ನೆಯಲ್ಲಿ ಗಡಸಿಲ್ಲದ ಜಾಗ ಇದೆಯಾದರೂ ಬಹಳ ಕಿರಿದು, ಕೈ ಹೋಗುವುದು ಕಷ್ಟ. ನಾಯಿ, ಕೋತಿಗಳ ಪೊರೆ ನಮ್ಮದರ ಹಾಗೆ ಮೆತ್ತಗಿದ್ದರೂ ತೆಳುವು. ನಾಯಿಯ ಕೆನ್ನೆಯಂತೂ ನಮ್ಮದಕ್ಕಿಂತ ಸಲೀಸಾಗಿ ಔಷಧವನ್ನು ಬಿಟ್ಟುಕೊಡುತ್ತದೆ. ಗಡಸಿಲ್ಲದಿರುವಿಕೆ, ದಪ್ಪ, ಪದರಗಳ ನಡುವಿನ ಜಿಡ್ಡಿನ ಬಗೆ, ಇವೆಲ್ಲದರಲ್ಲಿ ನಮಗೆ ಅತಿ ಸಮೀಪದ ಬಂಧು ಹಂದಿ!

ಈ ಸುದ್ದಿ ಕೇಳಿ ನಮ್ಮವರು ಅನ್ನದ ತಟ್ಟೆಯ ಮುಂದೆ ಮುಖ ಸಿಂಡರಿಸಿದರು. ಇತಿಹಾಸದ ವಿದ್ಯಾರ್ಥಿನಿಯಾದ ನಾನು ಹಂದಿಯ ಪರವಾಗಿ ವಾದಿಸಿದೆ. ಬಾದಾಮಿಯ ಚಾಲುಕ್ಯರ ಲಾಂಛನ ವರಾಹ. ಅಲ್ಲಿಯ ಗುಹೆಗಳಲ್ಲಿ ಭೂದೇವಿಯನ್ನು ಎತ್ತಿ ನಿಂತ ಭೂವರಾಹನನ್ನು ಕಂಡು ಕೈಮುಗಿಯುವ ನಾವೇ ತಾನೆ? ವಿಜಯನಗರದ ಚಿನ್ನದ ನಾಣ್ಯವನ್ನು ಕರೆದದ್ದೂ ವರಹವೆಂದೇ. ಹೋಗಲಿ, ನಮ್ಮ ಹಿರಿಯರು ಚುಚ್ಚಿಸಿಕೊಂಡ ಇನ್ಸುಲಿನ್ ಎಲ್ಲಿಂದ ಬಂದಿತ್ತು? ಇದೇ ಕೊಲ್ಲಿಯ ದಡದ ಸೌತ್ ಸ್ಯಾನ್‌ಫ್ರಾನ್ಸಿಸ್ಕೋದ ಜೆನೆಂಟೆಕ್ ಸಂಸ್ಥೆ ರೂಪಿಸಿದ ಮಾನವ ಇನ್ಸುಲಿನ್ 1982ರಲ್ಲಿ ಬಳಕೆಗೆ ಬರುವವರೆಗೆ ಅದನ್ನು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. ರಕ್ತ ಹೆಪ್ಪುಗಟ್ಟದಿರಲು ಕೊಡುವ ಹೆಪಾರಿನ್ ಇಂದಿಗೂ ಹಂದಿಯ ಕರುಳಿನಿಂದಲೇ ಬರುತ್ತದೆ. ಹೃದಯದ ಚಿಕಿತ್ಸೆಯ ದಿನ ನಮ್ಮವರ ನರಕ್ಕೆ ಅದು ಹರಿದಾಗ ಯಾರೂ ಅವರ ಆಹಾರ ನಿಯಮವನ್ನು ವಿಚಾರಿಸಲಿಲ್ಲ. ಅವರು ಮರುಮಾತಾಡದೆ ಮೊಸರನ್ನ ಮುಗಿಸಿದರು.

ಮಗಳು ಬಳಸುವುದು ಆಹಾರಕ್ಕಾಗಿ ಕೊಂದ ಹಂದಿಯ ಕೆನ್ನೆ. ಸೆಂಟ್ರಲ್ ವ್ಯಾಲಿಯ ಕಡೆಯ ಒಂದು ಕಸಾಯಿಖಾನೆಯಿಂದ ವಾರಕ್ಕೊಂದು ದಿನ ತರುತ್ತಾಳೆ. ಅದಕ್ಕೆಂದು ಯಾವ ಪ್ರಾಣಿಯನ್ನೂ ಕೊಲ್ಲುವುದಿಲ್ಲ. ಅವರು ಮಾರುವುದರಲ್ಲಿ ಒಂದು ತುಂಡು ಇವಳ ಪಾಲಿಗೆ. ತಣ್ಣನೆಯ ಲವಣ ದ್ರಾವಣದಲ್ಲಿ ಮುಳುಗಿಸಿ ತಂದು, ಕೊಬ್ಬು ಮಾಂಸಗಳನ್ನು ಕತ್ತರಿಸಿ ತೆಗೆದು, 60 ಡಿಗ್ರಿ ಬಿಸಿಯ ಉಪ್ಪುನೀರಿನಲ್ಲಿ ಒಂದು ನಿಮಿಷ ಅದ್ದಿದರೆ ಮೇಲ್ಪದರ ಬಿಟ್ಟುಕೊಳ್ಳುತ್ತದೆ. "ನೀನು ಬಾದಾಮಿ ಸಿಪ್ಪೆ ಸುಲಿಯುವ ಹಾಗೆ ಅಮ್ಮಾ" ಎಂದು ಅವಳು ಹೇಳಿದ ಮೇಲೆ ಒಂದು ತಿಂಗಳು ನಾನು ಬಾದಾಮಿ ಹಲ್ವ ಮಾಡಲಿಲ್ಲ. ಆ ಪದರವನ್ನು ಎರಡು ಗಾಜಿನ ಕೋಣೆಗಳ ನಡುವೆ ತೆರೆಯಂತೆ ಬಿಗಿದು, ದೇಹದ ಶಾಖದಲ್ಲಿಟ್ಟು, ಒಂದು ಕಡೆ ಔಷಧ ಹಾಕಿ ಇನ್ನೊಂದು ಕಡೆಯಿಂದ ಗಳಿಗೆಗೊಮ್ಮೆ ಹನಿ ತೆಗೆದು ಅಳೆಯುತ್ತಾರೆ. ಹಂದಿಯೂ ನಮ್ಮ ಹಾಗೆ ಮೆಲ್ಲುವಾಗ ತನ್ನ ಕೆನ್ನೆಯನ್ನು ತಾನೇ ಕಚ್ಚಿಕೊಳ್ಳುತ್ತದಂತೆ. ಗಾಯದ ಕಲೆಯಿರುವ ತುಂಡುಗಳನ್ನು ಬಿಸುಡಬೇಕು.

ಈ ವಿಧಾನದ ಒಪ್ಪ ಓರಣಗಳನ್ನು ಶ್ರದ್ಧೆಯಿಂದ ಪರೀಕ್ಷಿಸಿದ ಕೇಂದ್ರಗಳಲ್ಲೊಂದು ನಮ್ಮ ಮನೆಯಿಂದ ಒಂದು ಗಂಟೆಯ ದಾರಿ. 580ನೆಯ ಹೆದ್ದಾರಿಯಲ್ಲಿ ಆಲ್ಟಮಾಂಟ್ ಕಣಿವೆಯ ಗಾಳಿಯಂತ್ರಗಳನ್ನು ದಾಟಿ ಇಳಿದರೆ ಸ್ಟಾಕ್‌ಟನ್. ಅಲ್ಲಿಯ ಯೂನಿವರ್ಸಿಟಿ ಆಫ್ ದಿ ಪೆಸಿಫಿಕ್‌ನ ಔಷಧ ವಿಭಾಗದಿಂದ 2009, 2010ರಲ್ಲಿ ಹಂದಿಯ ಕೆನ್ನೆಪೊರೆಯನ್ನು ಕುರಿತ ಪ್ರಬಂಧಗಳು ಹೊರಬಂದವು. ಮೊದಲ ಲೇಖಕರ ಹೆಸರು ಕುಲಕರ್ಣಿ ಎಂದಿರುವುದನ್ನು ಕಂಡು, ಧಾರವಾಡದ ರಸ್ತೆಯಲ್ಲಿ ಪರಿಚಿತರು ಎದುರಾದಂತೆ ನನಗೆ ಸಂತೋಷವಾಯಿತು. ಪೊರೆಯನ್ನು ಅರ್ಧ ಮಿಲಿಮೀಟರಿನಷ್ಟು ದಪ್ಪಕ್ಕೆ ಇಳಿಸಿಕೊಳ್ಳುವುದು ಲೇಸು. ತುಟಿಯ ಹಿಂದಿನ ಭಾಗ ಕೆನ್ನೆಯ ಭಾಗಕ್ಕಿಂತ ತೆಳುವಾಗಿರುವುದರಿಂದ ಹೆಚ್ಚು ಔಷಧವನ್ನು ಬಿಡುತ್ತದೆ, ಎರಡನ್ನೂ ಬೆರೆಸಕೂಡದು. 4 ಡಿಗ್ರಿಯ ತಂಪಿನಲ್ಲಿ ಒಂದು ದಿನದ ಮಟ್ಟಿಗೆ ಪೊರೆ ಕೆಡುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ಬಿಡಿಸಿದರೂ ದೋಷವಿಲ್ಲ. ನೋಡಲು ಸಣ್ಣ ಸಂಗತಿಗಳು. ಆದರೆ ಒಬ್ಬರು ತುಟಿಯ ಹಿಂದಿನ ತುಂಡನ್ನೂ ಇನ್ನೊಬ್ಬರು ಕೆನ್ನೆಯ ತುಂಡನ್ನೂ ಅಳೆದು, ಎರಡನ್ನೂ ಕೆನ್ನೆಯೆಂದೇ ಬರೆದರೆ ರೋಗಿಗೆ ಕೊಡುವ ಪ್ರಮಾಣವೇ ತಪ್ಪೀತು. ಕರ್ನಾಟಕವೂ ಸೇರಿದಂತೆ ಭಾರತದ ಫಾರ್ಮಸಿ ಕಾಲೇಜುಗಳಲ್ಲಿ ಆಡು, ಕುರಿಗಳ ಕೆನ್ನೆಪೊರೆಯನ್ನೂ ಬಳಸುವುದುಂಟು. ಊರಿಗೆ ತಕ್ಕ ಕಸಾಯಿಖಾನೆ!

ಇಷ್ಟೆಲ್ಲ ಅಳತೆಯಿಂದ ಫಲವೇನೆಂದರೆ, 1998ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಫೆಂಟನಿಲ್ ಎಂಬ ತೀವ್ರ ನೋವುನಿವಾರಕವನ್ನು ಕ್ಯಾನ್ಸರ್ ರೋಗಿಗಳು ಕೆನ್ನೆಯ ಒಳಬದಿಗೆ ಹಿಡಿದುಕೊಳ್ಳುವ ಕಡ್ಡಿಯ ರೂಪದಲ್ಲಿ ಒಪ್ಪಿಕೊಂಡಿತು. 2006ರಲ್ಲಿ ಕೆನ್ನೆ ಒಸಡುಗಳ ನಡುವೆ ಬುರುಗುಟ್ಟುತ್ತ ಕರಗುವ ಮಾತ್ರೆ ಬಂತು. ಆ ಬುರುಗು ಬಾಯಿಯ ಹುಳಿ–ಕ್ಷಾರಗಳ ತೂಕವನ್ನು ಏರುಪೇರು ಮಾಡಿ ಔಷಧವನ್ನು ಪೊರೆಯಾಚೆ ದಾಟಿಸುತ್ತಿತ್ತು. ಅಮ್ಮಮ್ಮನ ಸುಣ್ಣದ ಕೆಲಸವೇ. ಫೆಂಟನಿಲ್ ಎಂಬ ಹೆಸರು ಇಂದು ಸ್ಯಾನ್‌ಫ್ರಾನ್ಸಿಸ್ಕೋದ ಬೀದಿಗಳಲ್ಲಿ ಏನಾಗಿದೆಯೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ನಾನೂ ಆ ಹೆಸರಿಗೆ ಬೆಚ್ಚುತ್ತೇನೆ. ಆದರೂ ನುಂಗಲಾರದೆ ನರಳುವವರ ಪಕ್ಕದಲ್ಲಿ ಚಮಚ ಹಿಡಿದು ಕುಳಿತವರಿಗೆ, ನುಂಗದೆಯೂ ನೋವು ಇಳಿಸುವ ದಾರಿಯೊಂದಿದೆ ಎಂಬ ಮಾತು ಬೇರೆಯೇ ಆಗಿ ಕೇಳಿಸುತ್ತದೆ.

ಗಾಜಿನ ಕೋಣೆಯಲ್ಲಿ ಎಲ್ಲ ಮುಗಿಯುವುದಿಲ್ಲ. ಸತ್ತ ಪೊರೆಯಲ್ಲಿ ರಕ್ತ ಹರಿಯುವುದಿಲ್ಲ, ಜೊಲ್ಲು ಸುರಿಯುವುದಿಲ್ಲ, ನಾಲಿಗೆ ಆಡುವುದಿಲ್ಲ. ಒಂದು ಹಂತದಲ್ಲಿ ಜೀವಂತ ಪ್ರಾಣಿಯ ಕೆನ್ನೆಯಲ್ಲಿ ಔಷಧವನ್ನಿಟ್ಟು ರಕ್ತವನ್ನು ಪರೀಕ್ಷಿಸಬೇಕಾಗುತ್ತದೆ. ಅದಕ್ಕೆ ನಾಯಿಗಳನ್ನು ಬಳಸಿದ್ದಾರೆ, ಈಗ ಗಿಡ್ಡ ತಳಿಯ ಹಂದಿಗಳನ್ನೂ ಬಳಸುತ್ತಾರೆ. ಇಲ್ಲಿ ನನ್ನ ವಾದಚಾತುರ್ಯ ಸೋಲುತ್ತದೆ. ಪ್ರತಿ ಬೇಸಿಗೆಯಲ್ಲಿ ನಮ್ಮ ಪ್ಲೆಸೆಂಟನ್ನಿನಲ್ಲಿ ನಡೆಯುವ ಆಲಮೀಡ ಕೌಂಟಿ ಜಾತ್ರೆಗೆ ಶಾಲೆಯ ಮಕ್ಕಳು ತಾವೇ ಸಾಕಿದ ಹಂದಿಗಳನ್ನು ಮೀಯಿಸಿ, ಹೆಸರಿಟ್ಟು ಕರೆತರುತ್ತಾರೆ. ಹರಾಜಿನ ದಿನ ಆ ಹುಡುಗರಲ್ಲಿ ಕೆಲವರು ಹಂದಿಯ ಕೊರಳನ್ನು ತಬ್ಬಿ ಅಳುವುದನ್ನು ಕಂಡವಳು ನಾನು. ಪ್ರಯೋಗಶಾಲೆಯ ಹಂದಿಗೂ ಕಣ್ಣು ಹಾಗೆಯೇ ಇರುತ್ತದೆ. ಮಗಳನ್ನು ನೇರವಾಗಿ ಕೇಳಿದೆ. ಅವಳು ತಪ್ಪಿಸಿಕೊಳ್ಳಲಿಲ್ಲ. "ಅಮ್ಮಾ, ಗಾಜಿನಲ್ಲಿ ಸರಿಯಾಗಿ ಅಳೆದಷ್ಟೂ ಜೀವಂತ ಹಂದಿಗಳ ಸಂಖ್ಯೆ ಇಳಿಯುತ್ತದೆ. ನನ್ನ ಕೈಲಿ ಆಗುವುದು ಅದು" ಎಂದಳು. ರಸೆಲ್ ಮತ್ತು ಬರ್ಚ್ ಎಂಬಿಬ್ಬರು ಇಂಗ್ಲಿಷರು 1959ರಲ್ಲಿಯೇ ಇದನ್ನು ಪುಸ್ತಕವಾಗಿ ಬರೆದಿದ್ದರು: ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆಯದು, ಇಲ್ಲವೇ ಕಡಿಮೆ ಪ್ರಾಣಿಗಳು, ಇಲ್ಲವೇ ಕಡಿಮೆ ನೋವು.

ಕಾನೂನುಗಳ ವಿಷಯದಲ್ಲಿ ನನಗೊಂದು ವಿಚಿತ್ರ ಕಂಡಿತು. ಅಮೆರಿಕದ ಪ್ರಾಣಿ ಕಲ್ಯಾಣ ಕಾಯಿದೆ 1966ರದು. ಪ್ರಯೋಗಕ್ಕೆಂದೇ ಬೆಳೆಸಿದ ಇಲಿ, ಹೆಗ್ಗಣಗಳನ್ನು 2002ರಲ್ಲಿ ಶಾಸನದ ಮೂಲಕವೇ ಅದರಿಂದ ಹೊರಗಿಟ್ಟರು. ಭಾರತದ ಕಾಯಿದೆ 1960ರದು, ಪ್ರಯೋಗಗಳ ಮೇಲ್ವಿಚಾರಣೆಯ ಸಮಿತಿ ರಚನೆಯಾದದ್ದು 1964ರಲ್ಲಿ. ಈ ವಿಷಯದಲ್ಲಿ ನಮ್ಮ ದೇಶವೇನೂ ಹಿಂದೆ ಬಿದ್ದಿರಲಿಲ್ಲ. ಹೊಸ ಔಷಧಕ್ಕೆ ಪ್ರಾಣಿ ಪ್ರಯೋಗ ಆಗಲೇಬೇಕೆಂಬ ಕಡ್ಡಾಯವನ್ನು ಅಮೆರಿಕವು 2022ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಮರುವರ್ಷ ಭಾರತವೂ ತನ್ನ ನಿಯಮಗಳಲ್ಲಿ ಬದಲಿ ವಿಧಾನಗಳಿಗೆ ಎಡೆ ಮಾಡಿತು.

ಬದಲಿ ಎಂದರೆ ಏನೆಂದು ಕೇಳಿದಾಗ ಮಗಳು ಒಂದು ಚಿಕ್ಕ ತಟ್ಟೆಯ ಚಿತ್ರ ತೋರಿಸಿದಳು. ಮನುಷ್ಯರ ಬಾಯಿಯ ಕೋಶಗಳನ್ನು ಜಾಲರಿಯ ಮೇಲೆ ಬಿತ್ತಿ ಬೆಳೆಸಿದ ಪೊರೆ. ಆರೋಗ್ಯವಂತರು ಕೊಟ್ಟ ಕೋಶಗಳಿಂದ ಮಾಡಿದ ಪೊರೆಗಳು ಮಾರಾಟಕ್ಕೂ ಸಿಗುತ್ತವೆ. ಅವಳ ಪ್ರಯೋಗಶಾಲೆಯಲ್ಲಿರುವುದು ಟಿಆರ್146 ಎಂಬ ಕೋಶಗಳ ಸಂತತಿ. 1985ರಷ್ಟು ಹಿಂದೆ ವರದಿಯಾದ ಇದು ಒಬ್ಬ ರೋಗಿಯ ಕುತ್ತಿಗೆಯ ಗ್ರಂಥಿಯಿಂದ ಬಂದದ್ದು. ಕೆನ್ನೆಯಲ್ಲಿ ಹುಟ್ಟಿದ ಕ್ಯಾನ್ಸರ್ ಅಲ್ಲಿಗೆ ಹರಡಿತ್ತು. ಅಮ್ಮಮ್ಮನಿಗೆ ಬಂದಂತಹುದೇ ಕಾಯಿಲೆ, ಹೆಚ್ಚುಕಡಿಮೆ ಅದೇ ಕಾಲ. ಆ ರೋಗಿಯ ಕೋಶಗಳು ನಲವತ್ತು ವರ್ಷಗಳಿಂದ ಸಾಯದೆ, ಹಂದಿಗೆ ಬದಲಾಗಿ ನಿಲ್ಲಲು ತಿಂಗಳಿಗೊಮ್ಮೆ ಹೊಸ ಪೊರೆಯಾಗಿ ಬೆಳೆಯುತ್ತಿವೆ. ಆ ಚಿತ್ರವನ್ನು ನಾನು ಬಹಳ ಹೊತ್ತು ನೋಡಿದೆ.

ಆದರೆ ಈ ಪೊರೆ ಇನ್ನೂ ಹಂದಿಯ ಕೆನ್ನೆಗಿಂತ ಹೆಚ್ಚಾಗಿ ಸೋರುತ್ತದೆ. ಹೊರಪದರಗಳು ನಿಜವಾದ ಕೆನ್ನೆಯಷ್ಟು ಬಿಗಿಯಾಗಿ ಕಟ್ಟಿಕೊಳ್ಳುವುದಿಲ್ಲ. ಒಂದೇ ಔಷಧವನ್ನು ಎರಡರ ಮೇಲೂ ಅಳೆದು, ಎಷ್ಟು ಪಟ್ಟು ವ್ಯತ್ಯಾಸವೆಂದು ಲೆಕ್ಕವಿಡುವುದು ಈ ವರ್ಷದ ಅವಳ ಕೆಲಸ. ಆದ್ದರಿಂದ ಮಂಗಳವಾರ ಬೆಳಗಿನ ಜಾವ ಐದಕ್ಕೆ ಎದ್ದು ಆಲ್ಟಮಾಂಟ್ ದಾಟಿ ಹೋಗಿಬರುವುದು ನಿಂತಿಲ್ಲ. ನಾನು ಫಿಲ್ಟರ್ ಕಾಫಿ ಮಾಡಿ ಫ್ಲಾಸ್ಕಿಗೆ ತುಂಬಿಕೊಡುತ್ತೇನೆ. ಕಾರಿನ ಹಿಂಬದಿಯಲ್ಲಿರುವ ನೀಲಿ ಐಸ್ ಪೆಟ್ಟಿಗೆ ಅವಳದು. ಕನ್ನಡ ಕೂಟದ ವನಭೋಜನಕ್ಕೆ ಮೊಸರು ಒಯ್ಯುವ ನಮ್ಮ ಕೆಂಪು ಪೆಟ್ಟಿಗೆ ಬೇರೆಯೇ ಇದೆ.